ಪೈಲಟ್ ಸಹಿ ಇರುವ ಫೈಟರ್ ವಿಮಾನದ ಚಿತ್ರಗಳು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

2025ರ ಮಾರ್ಚ್ 17ರಂದು ಜಾನ್ ಹೆಮಿಂಗ್ವೇ ತೀರಿಕೊಂಡರು. ಅವರಿಗೆ 105 ವರ್ಷ. 1940ರಲ್ಲಿ ಜರ್ಮನಿಯ ವಿರುದ್ಧ ನಡೆದ ವೈಮಾನಿಕ ಯುದ್ಧ ಬ್ಯಾಟಲ್ ಆಫ್ ಬ್ರಿಟನ್‌ನಲ್ಲಿ ಬ್ರಿಟನ್ ಪರ ಹಾರಿದ ಸುಮಾರು 2,900 ಜನರಲ್ಲಿ ಉಳಿದಿದ್ದವರು ಅವರೊಬ್ಬರೇ. ಅಲ್ಲಿಗೆ ಆ ಯುದ್ಧದ ಚಿತ್ರದ ಮೇಲೆ ಅದರಲ್ಲಿ ಬ್ರಿಟನ್ ಪರ ಹೋರಾಡಿದವರ ಹೊಸ ಸಹಿ ಬೀಳುವುದು ನಿಂತೇ ಹೋಯಿತು. ಆದರೂ ‘ಪೈಲಟ್‌ಗಳ ಸಹಿ ಇರುವ ಹೊಸ ಪ್ರಿಂಟ್’ (ಪ್ರಿಂಟ್ ಅಂದರೆ ಮೂಲ ಪೇಂಟಿಂಗಿನ ಮುದ್ರಿತ ಪ್ರತಿ) ಅನ್ನುವ ಜಾಹೀರಾತು ಮಾತ್ರ ನಿಂತಿಲ್ಲ. ಎಲ್ಲವೂ ಮೋಸ ಅಂತ ಹೇಳುತ್ತಿಲ್ಲ. ಸಹಿ ಯಾವಾಗ ಹಾಕಿದ್ದು, ಯಾವ ಹಾಳೆಯ ಮೇಲೆ ಹಾಕಿದ್ದು ಅಂತ ಕೇಳದೆ ದುಡ್ಡು ಕೊಡಬಾರದು, ಅಷ್ಟೇ.

ಈ ಹವ್ಯಾಸ ಈಗಿನ ರೂಪಕ್ಕೆ ಬಂದದ್ದು 1970ರ ದಶಕದ ಕೊನೆಯಲ್ಲಿ. ಬ್ರಿಟನ್ನಿನ ಕಲಾವಿದ ರಾಬರ್ಟ್ ಟೇಲರ್ ಅವರ ಸ್ಪಿಟ್‌ಫೈರ್ ಚಿತ್ರದ ಪ್ರಿಂಟ್‌ಗೆ, ಯುದ್ಧದಲ್ಲಿ ಆ ವಿಮಾನ ಹಾರಿಸಿ ಹೆಸರಾದ ಡಗ್ಲಸ್ ಬಾಡರ್ ಮತ್ತು ಜಾನಿ ಜಾನ್ಸನ್ ಇಬ್ಬರೂ ಸಹಿ ಹಾಕಿದರು. ಆ ಹೊತ್ತಿಗೆ ಯುದ್ಧ ಮಾಡಿದವರು ಅರವತ್ತರ ಆಸುಪಾಸಿನಲ್ಲಿದ್ದರು. ಆರೋಗ್ಯವಾಗಿದ್ದರು, ಮನೆಗೆ ಹೋಗಿ ಕೇಳಿದರೆ ಸಾಲಾಗಿ ಕೂತು ಸಹಿ ಮಾಡುತ್ತಿದ್ದರು. ಮುಂದಿನ 25-30 ವರ್ಷ ಬ್ರಿಟನ್, ಅಮೆರಿಕ, ಜರ್ಮನಿಯ ಪೈಲಟ್‌ಗಳು ಸಾವಿರಾರು ಹಾಳೆಗಳ ಅಂಚಿನಲ್ಲಿ ಪೆನ್ಸಿಲ್ ಆಡಿಸಿದರು. ಇವತ್ತು ಕೈಬದಲಾಗುತ್ತಿರುವ ಒಳ್ಳೆಯ ಸರಕೆಲ್ಲ ಹೆಚ್ಚುಕಡಿಮೆ ಆ ಕಾಲದ್ದೇ.

ಹಾಗಾಗಿ ಕೊಳ್ಳುವವರ ಮುಂದೆ ಮುಖ್ಯವಾಗಿ ಮೂರು ದಾರಿ ಇವೆ. ಹಳೆಯ ಪ್ರಿಂಟ್, ಅಂಚಿನಲ್ಲೇ ಪೈಲಟ್ ಸಹಿ. ಹೊಸ ಪ್ರಿಂಟ್, ಪಕ್ಕದಲ್ಲಿ ಬೇರೆ ಚೀಟಿಯ ಮೇಲಿನ ಸಹಿಯನ್ನು ಮೌಂಟ್ ಮಾಡಿದ್ದು. ಇಲ್ಲವೇ ಕಲಾವಿದರ ಸಹಿ ಮಾತ್ರ ಇರುವ ಪ್ರಿಂಟ್. ಮೂಲ ಪೇಂಟಿಂಗ್ ಮತ್ತು ಪೆನ್ಸಿಲ್ ಡ್ರಾಯಿಂಗ್‌ಗಳದ್ದು ಬೇರೆಯೇ ಲೋಕ, ಅದಕ್ಕೆ ಆಮೇಲೆ ಬರೋಣ.

ಅಂಚಿನ ಸಹಿ, ಅಂಟಿಸಿದ ಸಹಿ

ನನ್ನ ಒಲವು ಮೊದಲೇ ಹೇಳಿಬಿಡುತ್ತೇನೆ. ಅಂಚಿನಲ್ಲೇ ಇರುವ ಸಹಿ ಮೇಲು. ಆ ಮನುಷ್ಯ ಈ ಚಿತ್ರವನ್ನು ಕಣ್ಣಾರೆ ನೋಡಿದ್ದಾನೆ, ‘ಹೌದು, ಹೀಗೇ ಇತ್ತು’ ಅಂತಲೋ ‘ಪರವಾಗಿಲ್ಲ’ ಅಂತಲೋ ಅಂದುಕೊಂಡು ಕೆಳಗೆ ಹೆಸರು ಬರೆದಿದ್ದಾನೆ. ಚಿತ್ರಕ್ಕೂ ಸಹಿಗೂ ನಂಟು ಅಲ್ಲಿಯೇ ಬೀಳುತ್ತದೆ.

ಮೌಂಟ್ ಮಾಡಿದ ಸಹಿಯಲ್ಲಿ ಆ ನಂಟು ಇರುವುದಿಲ್ಲ. ಯಾವುದೋ ಕಾಗದ, ಚೆಕ್ಕು, ಪುಸ್ತಕದ ಹಾಳೆ, ಅಂಚೆ ಲಕೋಟೆ ಇವುಗಳ ಮೇಲಿದ್ದ ಸಹಿಯನ್ನು ಕತ್ತರಿಸಿ, ಪ್ರಿಂಟ್‌ನ ಕೆಳಗೆ ಮೌಂಟ್ ಬೋರ್ಡಿನಲ್ಲಿ (ಚಿತ್ರದ ಸುತ್ತ ಹಾಕುವ ದಪ್ಪ ರಟ್ಟು) ಕಿಂಡಿ ಕೊರೆದು ಕೂರಿಸಿರುತ್ತಾರೆ. ಸಹಿ ಅಸಲಿಯೇ ಇರಬಹುದು. ಆದರೆ ಆ ಪೈಲಟ್ ಈ ಚಿತ್ರವನ್ನು ನೋಡಿಯೇ ಇಲ್ಲ. ಚಿತ್ರ ಬರೆಯುವ ಮೊದಲೇ ಆತ ಸತ್ತೂ ಹೋಗಿರಬಹುದು. ನೀವು ಕೊಳ್ಳುತ್ತಿರುವುದು ಎರಡು ಬೇರೆ ಬೇರೆ ವಸ್ತುಗಳನ್ನು, ಒಂದೇ ಫ್ರೇಮಿನಲ್ಲಿ. ನಾಳೆ ಮಾರುವಾಗ ಕೊಳ್ಳುವವರು ಅವೆರಡಕ್ಕೂ ಬೇರೆ ಬೇರೆಯಾಗಿಯೇ ಬೆಲೆ ಕಟ್ಟುತ್ತಾರೆ.

ಆದರೂ ಮೌಂಟ್ ಮಾಡಿದ್ದನ್ನು ಪೂರಾ ತಳ್ಳಿಹಾಕೋಕೆ ಆಗುವುದಿಲ್ಲ. ಕೆಲವರ ಸಹಿ ಬೇರೆ ದಾರಿಯಲ್ಲಿ ಸಿಗುವುದೇ ಇಲ್ಲ. ಜರ್ಮನಿಯ ಪೈಲಟ್ ಹಾನ್ಸ್-ಯೋಆಕಿಮ್ ಮಾರ್ಸೇ 1942ರ ಸೆಪ್ಟೆಂಬರ್ 30ರಂದೇ ಸತ್ತ. ಬ್ರಿಟನ್ ಪರ ಹಾರಿದ ಪ್ಯಾಡಿ ಫಿನುಕೇನ್ ಅದೇ ವರ್ಷದ ಜುಲೈನಲ್ಲಿ. ಅಮೆರಿಕದ ರಿಚರ್ಡ್ ಬಾಂಗ್ 1945ರ ಆಗಸ್ಟ್ 6ರಂದು. ಇವರ್ಯಾರೂ ಇಂಥ ಪ್ರಿಂಟ್‌ಗಳ ಕಾಲಕ್ಕೆ ಬದುಕಿರಲಿಲ್ಲ. ಇವರ ಸಹಿ ನಿಮಗೆ ಬೇಕೇ ಬೇಕು ಅಂದರೆ ಯುದ್ಧಕಾಲದ ಕಾಗದವೊಂದರ ಮೇಲಿನ ಸಹಿಯೇ ಗತಿ. ಆಗ ಚಿತ್ರವನ್ನು ಮರೆತು, ಸಹಿಯನ್ನು ಮಾತ್ರ ಬೇರೆಯಾಗಿ ಪರೀಕ್ಷೆ ಮಾಡಿಸಿ ಕೊಳ್ಳಿ. ಇವರ ಹೆಸರು ಹೊಸ ಪ್ರಿಂಟ್‌ನ ಅಂಚಿನಲ್ಲೇ ಕಂಡರೆ ಬೇರೇನೂ ವಿಚಾರಿಸುವ ಅಗತ್ಯವಿಲ್ಲ.

ಇವೆರಡರ ನಡುವೆ ಇನ್ನೊಂದು ಬಗೆ ಇದೆ. ಪೈಲಟ್ ಬದುಕಿದ್ದಾಗ ಖಾಲಿ ಹಾಳೆಗಳ ಮೇಲೆ ಸಹಿ ಹಾಕಿಸಿ ಎತ್ತಿಟ್ಟು, ವರ್ಷಗಳ ನಂತರ ಅವಕ್ಕೆ ಚಿತ್ರ ಸೇರಿಸುವುದು. ಸಹಿ ನಿಜವೇ, ಆದರೆ ನಂಟು ಅರ್ಧ. ಮಾರುವವರು ಇದನ್ನು ತಾವಾಗಿಯೇ ಹೇಳಿದರೆ ನನ್ನ ತಕರಾರಿಲ್ಲ. ಕೇಳಿದ ಮೇಲೂ ತಡವರಿಸಿದರೆ ಮುಂದಿನ ಪ್ರಿಂಟ್ ನೋಡುವುದು ವಾಸಿ.

ತಾರೀಖು ನೋಡಿದರೆ ಅರ್ಧ ಕೆಲಸ ಮುಗಿಯಿತು

ಪೈಲಟ್ ತೀರಿಕೊಂಡ ದಿನ ಮತ್ತು ಪ್ರಿಂಟ್ ಹೊರಬಂದ ವರ್ಷ, ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇದಕ್ಕೆ ಯಾವ ತಜ್ಞರೂ ಬೇಡ. ಬಾಡರ್ ತೀರಿಕೊಂಡದ್ದು 1982ರ ಸೆಪ್ಟೆಂಬರ್‌ನಲ್ಲಿ. ಜರ್ಮನಿಯ ಗೆರ್‌ಹಾರ್ಡ್ ಬಾರ್ಕ್‌ಹಾರ್ನ್ 1983ರ ಜನವರಿಯಲ್ಲಿ. ಬಾಬ್ ಸ್ಟ್ಯಾನ್‌ಫರ್ಡ್ ಟಕ್ 1987ರಲ್ಲಿ, ಎರಿಕ್ ಹಾರ್ಟ್‌ಮನ್ 1993ರಲ್ಲಿ, ಅಡಾಲ್ಫ್ ಗಾಲಂಡ್ 1996ರಲ್ಲಿ, ಜಾನಿ ಜಾನ್ಸನ್ 2001ರಲ್ಲಿ, ಗ್ಯುಂಟರ್ ರಾಲ್ 2009ರಲ್ಲಿ. 1988ರ ಪ್ರಿಂಟ್‌ನ ಅಂಚಿನಲ್ಲಿ ಬಾಡರ್ ಸಹಿ ಇದೆ ಅಂದರೆ, ಅದು ಮೊದಲೇ ಸಹಿ ಹಾಕಿಸಿಟ್ಟ ಖಾಲಿ ಹಾಳೆ ಅಲ್ಲದಿದ್ದರೆ, ಏನೋ ಎಡವಟ್ಟಿದೆ ಅಂತಲೇ ಅರ್ಥ, ಅಲ್ವಾ?

ಮುದ್ರಣದ ವಿಧಾನವೂ ಹೀಗೇ ಸುಳಿವು ಕೊಡುತ್ತದೆ. ಜಿಕ್ಲೇ ಅನ್ನುವುದು ಇಂಕ್‌ಜೆಟ್ ಮುದ್ರಣ. ಆ ಹೆಸರು ಹುಟ್ಟಿದ್ದೇ 1991ರಲ್ಲಿ. ಅದಕ್ಕೂ ಮೊದಲಿನ ಪ್ರಿಂಟ್‌ಗಳು ಹೆಚ್ಚಾಗಿ ಆಫ್‌ಸೆಟ್ ಲಿಥೋ, ಅಂದರೆ ತಗಡಿನಿಂದ ಯಂತ್ರದಲ್ಲಿ ಅಚ್ಚು ಹಾಕಿದ್ದು. ಭೂತಗನ್ನಡಿ ಹಿಡಿದರೆ ಆಫ್‌ಸೆಟ್‌ನಲ್ಲಿ ಬಣ್ಣದ ಚುಕ್ಕಿಗಳು ಪುಟ್ಟ ಹೂವಿನ ಆಕಾರದಲ್ಲಿ ಸಾಲಾಗಿ ಕಾಣುತ್ತವೆ. ಜಿಕ್ಲೇಯಲ್ಲಿ ಆ ಸಾಲು ಇರುವುದಿಲ್ಲ, ಮಂಜು ಎರಚಿದ ಹಾಗೆ ಚುಕ್ಕಿಗಳು ಚದುರಿರುತ್ತವೆ. ‘ಬಾಡರ್ ಸಹಿ ಇರುವ ಜಿಕ್ಲೇ’ ಅಂದಾಗ ಆ ಸಹಿ ಬೇರೆ ಕಾಗದದಿಂದ ಬಂದಿರಬೇಕು, ಇಲ್ಲವೇ ಮೊದಲೇ ಸಹಿ ಹಾಕಿಸಿಟ್ಟ ಖಾಲಿ ಹಾಳೆಯದ್ದಾಗಿರಬೇಕು. ಬರೆದವರು ಅದನ್ನು ಎಲ್ಲಿ ಹೇಳಿದ್ದಾರೆ, ಎಷ್ಟು ಸಣ್ಣ ಅಕ್ಷರದಲ್ಲಿ ಹೇಳಿದ್ದಾರೆ ನೋಡಿ.

ಸಹಿಯನ್ನು ಹತ್ತಿರದಿಂದ

ಪೆನ್ಸಿಲ್ ಸಹಿಯನ್ನು ನೇರ ಬೆಳಕಿನಲ್ಲಿ ನೋಡಬೇಡಿ. ಹಾಳೆಯನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿಯಿರಿ. ಗ್ರಾಫೈಟ್ ಬೂದು ಬಣ್ಣದಲ್ಲಿ ಸಣ್ಣಗೆ ಹೊಳೆಯುತ್ತದೆ. ಗೆರೆ ಹೋದ ಕಡೆ ಹಾಳೆ ಕೂದಲೆಳೆಯಷ್ಟು ತಗ್ಗಿರುತ್ತದೆ. ಅಕ್ಷರ ಶುರುವಾದಲ್ಲಿ ಒತ್ತು ಜಾಸ್ತಿ, ಕೊನೆಯ ಬಾಲದಲ್ಲಿ ಕಡಿಮೆ. ಮುದ್ರಿಸಿದ ಸಹಿಯಲ್ಲಿ ಇದ್ಯಾವುದೂ ಇಲ್ಲ: ಹೊಳಪಿಲ್ಲ, ತಗ್ಗಿಲ್ಲ. ಭೂತಗನ್ನಡಿಯಲ್ಲಿ ಚುಕ್ಕಿಗಳು ಕಾಣುತ್ತವೆ. ಅಗ್ಗದ ಪ್ರಿಂಟ್‌ಗಳಲ್ಲಿ ಕಲಾವಿದರ ಸಹಿ ಚಿತ್ರದ ಮೂಲೆಯಲ್ಲೇ ಅಚ್ಚಾಗಿರುತ್ತದೆ. ಅದು ಮೂಲ ಪೇಂಟಿಂಗಿನ ಮೇಲಿದ್ದ ಸಹಿಯ ಫೋಟೋ, ಅಷ್ಟೇ. ಅದನ್ನೇ ‘ಸಹಿ ಇದೆ’ ಅಂತ ಮಾರುವವರು ಕಡಿಮೆ ಏನಿಲ್ಲ.

ನಡುಗುವ ಸಹಿ ನೋಡಿ ಹೆದರಬೇಡಿ. ಒಬ್ಬನೇ ಪೈಲಟ್ 1980ರಲ್ಲಿ ಹಾಕಿದ ಸಹಿಗೂ 2005ರಲ್ಲಿ ಹಾಕಿದ ಸಹಿಗೂ ತುಂಬಾ ವ್ಯತ್ಯಾಸ ಇರುತ್ತದೆ. 85 ದಾಟಿದ ಕೈಯ ಅಕ್ಷರ ಕುಗ್ಗುತ್ತದೆ, ಗೆರೆ ಅಲ್ಲಲ್ಲಿ ಕಡಿಯುತ್ತದೆ. ಅನುಮಾನ ಬರಬೇಕಾದದ್ದು ಇದರ ಉಲ್ಟಾ ಕಂಡಾಗ: 2005ರ ಪ್ರಿಂಟ್ ಮೇಲೆ 1975ರ ದುಂಡನೆಯ ಸಹಿ.

ಪ್ರಮಾಣಪತ್ರದ ವಿಷಯ. ಪ್ರಿಂಟ್ ಹೊರತಂದ ಪ್ರಕಾಶಕರೇ ಕೊಟ್ಟದ್ದು, ಅದರ ಮೇಲಿನ ನಂಬರ್ ಪ್ರಿಂಟ್ ಮೇಲಿನ ನಂಬರ್‌ಗೆ ಹೊಂದಿದರೆ ಅದಕ್ಕೆ ತೂಕ ಇದೆ. ಮಾರುವವರೇ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ಚಿನ್ನದ ಬಣ್ಣದ ಸ್ಟಿಕ್ಕರ್ ಅಂಟಿಸಿದ್ದು ಸುಮ್ನೆ ಒಂದು ಕಾಗದ.

ಒಂದು ಸಹಿಯೋ, ಹತ್ತು ಸಹಿಯೋ

ಹೊಸಬರು ಸಹಿ ಎಣಿಸುತ್ತಾರೆ. ಎಂಟು ಸಹಿ ಇದ್ದದ್ದು ಎರಡು ಸಹಿ ಇದ್ದದ್ದಕ್ಕಿಂತ ನಾಲ್ಕು ಪಟ್ಟು ಒಳ್ಳೆಯದು ಅನ್ನುವ ಲೆಕ್ಕ. ನಾನು ಹಾಗೆ ನೋಡುವುದಿಲ್ಲ. ಚಿತ್ರದಲ್ಲಿರುವ ಘಟನೆಗೂ ಸಹಿ ಹಾಕಿದವರಿಗೂ ಏನು ಸಂಬಂಧ ಅನ್ನುವುದೇ ನನಗೆ ಮುಖ್ಯ.

ಬಾಡರ್ ಮತ್ತು ಜಾನ್ಸನ್ ಜೋಡಿಯನ್ನೇ ನೋಡಿ. 1941ರಲ್ಲಿ ಬಾಡರ್ ಹಲವು ಸ್ಕ್ವಾಡ್ರನ್‌ಗಳಿದ್ದ ಟ್ಯಾಂಗ್‌ಮೀರ್ ವಿಂಗಿನ ನಾಯಕ. ಜಾನ್ಸನ್ ಆಗಿನ್ನೂ ಹೊಸಬ, 616 ಸ್ಕ್ವಾಡ್ರನ್ನಿನಲ್ಲಿದ್ದುಕೊಂಡು ಬಾಡರ್ ಜೊತೆಗೇ ಹಾರುತ್ತಿದ್ದ. ಆಗಸ್ಟ್ 9ರಂದು ಬಾಡರ್ ಫ್ರಾನ್ಸಿನ ಮೇಲೆ ವಿಮಾನ ಕಳೆದುಕೊಂಡು ಸೆರೆ ಸಿಕ್ಕರು. ಜಾನ್ಸನ್ ಮುಂದೆ ಬ್ರಿಟನ್ನಿನ ಅತಿ ಹೆಸರುವಾಸಿ ಫೈಟರ್ ನಾಯಕರಲ್ಲಿ ಒಬ್ಬರಾದರು. ಎರಡೇ ಸಹಿ, ಆದರೆ ಒಬ್ಬರಿಂದ ಇನ್ನೊಬ್ಬರು ಕೆಲಸ ಕಲಿತ ಕಥೆ ಆ ಅಂಚಿನಲ್ಲಿದೆ.

ಅಮೆರಿಕದ ಕಡೆ ಇಂಥದ್ದೇ ಜೋಡಿ ಬಡ್ ಆಂಡರ್ಸನ್ ಮತ್ತು ಚಕ್ ಯೇಗರ್. ಇಬ್ಬರೂ 357ನೇ ಫೈಟರ್ ಗ್ರೂಪ್, ಇಬ್ಬರೂ ಇಂಗ್ಲೆಂಡಿನ ಲೈಸ್ಟನ್ ನೆಲೆಯಿಂದ ಮಸ್ಟ್ಯಾಂಗ್ (ಪಿ-51) ವಿಮಾನ ಹಾರಿಸಿದವರು, ಕೊನೆವರೆಗೂ ಗೆಳೆಯರು. ಯೇಗರ್ 2020ರಲ್ಲಿ ಹೋದರು, ಆಂಡರ್ಸನ್ 2024ರ ಮೇ ತಿಂಗಳಲ್ಲಿ, 102ನೇ ವಯಸ್ಸಿನಲ್ಲಿ. ಆಂಡರ್ಸನ್ನರ ‘ಓಲ್ಡ್ ಕ್ರೋ’ ಮಸ್ಟ್ಯಾಂಗ್ ಇರುವ ಚಿತ್ರದ ಕೆಳಗೆ ಈ ಇಬ್ಬರ ಹೆಸರಿದ್ದರೆ ಅದು ಸರಿಯಾದ ಜಾಗದಲ್ಲಿರುವ ಸಹಿ. ಅದೇ ಇಬ್ಬರು ತಮಗೆ ಸಂಬಂಧವೇ ಇಲ್ಲದ ಪೆಸಿಫಿಕ್ ಯುದ್ಧದ ಚಿತ್ರಕ್ಕೆ ಸಹಿ ಹಾಕಿದ್ದರೆ ನಾನಂತೂ ಜಾಸ್ತಿ ದುಡ್ಡು ಕೊಡುವುದಿಲ್ಲ.

ಎದುರಾಳಿಗಳು ಒಂದೇ ಹಾಳೆಗೆ ಸಹಿ ಹಾಕಿದ್ದು ಈ ಹವ್ಯಾಸದ ಅತ್ಯಂತ ವಿಶೇಷ ಸಂಗತಿ. 1943ರ ಡಿಸೆಂಬರ್ 20ರಂದು ಬ್ರೆಮೆನ್ ದಾಳಿ ಮುಗಿಸಿ ಅಮೆರಿಕದ ಒಂದು ಬಿ-17 ಬಾಂಬರ್ ಜರ್ಜರಿತವಾಗಿ ವಾಪಸ್ ಬರುತ್ತಿತ್ತು. ಪೈಲಟ್ ಚಾರ್ಲಿ ಬ್ರೌನ್. ಪಕ್ಕಕ್ಕೆ ಬಂದ ಜರ್ಮನಿಯ ಫೈಟರ್ ಮೆಸರ್‌ಶ್ಮಿಟ್ 109ರಲ್ಲಿದ್ದ ಫ್ರಾನ್ಜ್ ಸ್ಟಿಗ್ಲರ್ ಗುಂಡು ಹಾರಿಸಲಿಲ್ಲ. ಸಮುದ್ರದ ತನಕ ಜೊತೆಗೇ ಹಾರಿ, ಸೆಲ್ಯೂಟ್ ಹೊಡೆದು ಹಿಂದಿರುಗಿದ. 1990ರಲ್ಲಿ ಇಬ್ಬರೂ ಭೇಟಿಯಾದರು, 2008ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ಈ ಘಟನೆಯ ಚಿತ್ರಕ್ಕೆ ಇಬ್ಬರೂ ಸಹಿ ಹಾಕಿದ ಪ್ರಿಂಟ್‌ಗಳಿವೆ. ಅಂಥದ್ದೊಂದು ಸಿಕ್ಕರೆ ಹನ್ನೆರಡು ಸಹಿಯ ಯಾವ ಪ್ರಿಂಟನ್ನೂ ನಾನು ತಿರುಗಿ ನೋಡುವುದಿಲ್ಲ.

ಇನ್ನು ವಿರಳತೆ. ಜರ್ಮನಿಯ ಗಾಲಂಡ್, ರಾಲ್ ಕೈಬಿಚ್ಚಿ ಸಹಿ ಮಾಡಿದವರು. ದೊಡ್ಡ ಹೆಸರು, ಆದರೆ ಸರಕು ಬೇಕಾದಷ್ಟಿದೆ. 301 ವಿಮಾನ ಕೆಡವಿದ ಬಾರ್ಕ್‌ಹಾರ್ನ್ ಈ ಹವ್ಯಾಸ ಬೆಳೆಯುವ ಮೊದಲೇ ಹೋದದ್ದರಿಂದ ಅವರ ಸಹಿ ಇರುವ ಪ್ರಿಂಟ್ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಎಷ್ಟು ವಿಮಾನ ಹೊಡೆದರು ಅನ್ನುವುದಕ್ಕಿಂತ ಎಷ್ಟು ವರ್ಷ ಸಹಿ ಮಾಡಿದರು ಅನ್ನುವುದೇ ಬೆಲೆಯನ್ನು ಎಳೆದಾಡುತ್ತದೆ.

ನಂಬರ್, ಪ್ರೂಫ್, ರೆಮಾರ್ಕ್

500ರಲ್ಲಿ 7ನೇ ಪ್ರಿಂಟ್ 430ನೇ ಪ್ರಿಂಟ್‌ಗಿಂತ ಮೇಲು ಅನ್ನುವ ನಂಬಿಕೆ ಹಳೆಯ ತಾಮ್ರದ ಎಚಿಂಗ್ ಕಾಲದ್ದು. ಆಗ ತಗಡು ಸವೆದು ಕೊನೆಯ ಪ್ರತಿಗಳು ಮಂಕಾಗುತ್ತಿದ್ದವು. ಆಫ್‌ಸೆಟ್‌ನಲ್ಲಿ ಮೊದಲ ಹಾಳೆಗೂ ಕೊನೆಯ ಹಾಳೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಸಣ್ಣ ನಂಬರ್‌ಗೆ ಯಾರಾದರೂ ಜಾಸ್ತಿ ಕೇಳಿದರೆ ನಕ್ಕು ಸುಮ್ಮನಾಗಿ.

ಆರ್ಟಿಸ್ಟ್ಸ್ ಪ್ರೂಫ್ (ಕಲಾವಿದರ ಪಾಲಿನದು ಅಂತ ಬೇರೆ ಎಣಿಸುವ ಪ್ರತಿಗಳು) ಕೂಡ ಈಗ ಹೆಚ್ಚಾಗಿ ಹೆಸರಿಗೆ ಮಾತ್ರ ಪ್ರೂಫ್. ಅದೇ ಚಿತ್ರ, ಅದೇ ಮುದ್ರಣ, ಬೇರೆ ನಂಬರ್. ಕೆಲವೊಮ್ಮೆ ಪ್ರೂಫ್ ಪ್ರತಿಗಳಿಗೆ ಒಂದೆರಡು ಸಹಿ ಹೆಚ್ಚಿಗೆ ಇರುತ್ತವೆ. ಆಗ ಆ ಸಹಿಗೆ ದುಡ್ಡು ಕೊಡಿ, ‘ಪ್ರೂಫ್’ ಅನ್ನುವ ಹೆಸರಿಗೆ ಬೇಡ. ಇನ್ನೊಂದು ಮಾತು: ‘500 ಪ್ರತಿ ಮಾತ್ರ’ ಅಂದಾಗ ಅದರ ಹೊರಗೆ ಆರ್ಟಿಸ್ಟ್ಸ್ ಪ್ರೂಫ್, ಪಬ್ಲಿಷರ್ಸ್ ಪ್ರೂಫ್, ರೆಮಾರ್ಕ್, ಕ್ಯಾನ್ವಾಸ್ ಅಂತ ಎಷ್ಟು ಇವೆ ಕೇಳಿ. ಎಲ್ಲ ಕೂಡಿದರೆ ‘ಮಾತ್ರ’ ಅನ್ನುವ ಪದ ಹಗುರಾಗುತ್ತದೆ.

ರೆಮಾರ್ಕ್ ಮಾತ್ರ ನಿಜಕ್ಕೂ ಬೇರೆ. ಕಲಾವಿದರು ಅಂಚಿನಲ್ಲಿ ಕೈಯಾರೆ ಒಂದು ಪುಟ್ಟ ಪೆನ್ಸಿಲ್ ಚಿತ್ರ ಬರೆದಿರುತ್ತಾರೆ. ಪ್ರತಿ ಹಾಳೆಯಲ್ಲೂ ಅದು ಬೇರೆ. ಎರಡು ಹೆಚ್ಚುವರಿ ಸಹಿಯೋ, ಒಳ್ಳೆಯ ರೆಮಾರ್ಕೋ ಅಂತ ಬಂದರೆ, ಕಲಾವಿದರ ಕೈ ನಿಮಗೆ ಇಷ್ಟವಾಗಿದ್ದರೆ, ರೆಮಾರ್ಕ್ ಕಡೆಗೇ ಹೋಗಿ. ಮೂಲ ಡ್ರಾಯಿಂಗ್ ಕೊಳ್ಳುವಷ್ಟು ಹಣ ಇಲ್ಲದವರಿಗೆ ಅದಕ್ಕೆ ಹತ್ತಿರದ ವಸ್ತು ಇದೇ. ಮೂಲ ಪೇಂಟಿಂಗ್‌ನಲ್ಲಿ ಪೈಲಟ್ ಸಹಿ ಹುಡುಕುತ್ತಾ ಕೂರಬೇಡಿ, ಅಲ್ಲಿ ಬೆಲೆ ಇರುವುದು ಕುಂಚಕ್ಕೆ.

ಚಿತ್ರವೇ ತಪ್ಪಿದ್ದರೆ

ಸಹಿಯ ಹಿಂದೆ ಬಿದ್ದು ಚಿತ್ರ ನೋಡುವುದನ್ನೇ ಮರೆಯುವವರಿದ್ದಾರೆ. ಗೋಡೆಯ ಮೇಲೆ ದಿನಾ ಕಾಣುವುದು ಚಿತ್ರ. ಅಂಚಿನ ಸಹಿ ಕಾಣಬೇಕಾದರೆ ಮೂಗು ತಾಗಿಸಬೇಕು.

1940ರ ಬೇಸಿಗೆಯ ಚಿತ್ರದಲ್ಲಿ ಸ್ಪಿಟ್‌ಫೈರ್‌ಗೆ ಮೂರು ಅಲಗಿನ ಪ್ರೊಪೆಲ್ಲರ್ ಇರಬೇಕು. ನಾಲ್ಕು ಅಲಗಿನ ಮಾರ್ಕ್ 9 ಸ್ಕ್ವಾಡ್ರನ್‌ಗಳಿಗೆ ಬಂದದ್ದು 1942ರಲ್ಲಿ. ಆಗಿನ ಮೆಸರ್‌ಶ್ಮಿಟ್ 109 ‘ಇ’ ಮಾದರಿಗೆ ರೆಕ್ಕೆಯ ತುದಿ ಚೌಕ, ಬಾಲದ ರೆಕ್ಕೆಯ ಕೆಳಗೆ ಆಧಾರದ ಕಡ್ಡಿ. ತುದಿ ದುಂಡಾದದ್ದು ‘ಎಫ್’ ಮಾದರಿಯಿಂದ. ಪೈಲಟ್ ತಲೆಯ ಮೇಲೆ ಗುಳ್ಳೆಯಂಥ ಗಾಜಿರುವ ಪಿ-51ಡಿ ಮಸ್ಟ್ಯಾಂಗ್ ಯುರೋಪಿನ ಯುದ್ಧಕ್ಕಿಳಿದದ್ದು 1944ರ ಮಧ್ಯಭಾಗದಲ್ಲಿ, ಹಾಗಾಗಿ ಆ ವರ್ಷದ ಮಾರ್ಚ್‌ನ ಬರ್ಲಿನ್ ದಾಳಿಯ ಚಿತ್ರದಲ್ಲಿ ಅದು ಕಂಡರೆ ಕಲಾವಿದರು ಓದಿಕೊಂಡಿಲ್ಲ. ರೆಕ್ಕೆಯ ಮೇಲಿನ ಕಪ್ಪು ಬಿಳಿ ಪಟ್ಟೆಗಳು ನಾರ್ಮಂಡಿ ದಾಳಿಗೆಂದು 1944ರ ಜೂನ್‌ನಲ್ಲಿ ಬಳಿದವು. ಒಳ್ಳೆಯ ಕಲಾವಿದರು ಇಂಥದ್ದರಲ್ಲಿ ಎಡವುವುದು ಅಪರೂಪ. ಎಡವಿದ ಚಿತ್ರ ಮಾರುವಾಗ ಕಷ್ಟ ಕೊಡುತ್ತದೆ, ಯಾಕೆಂದರೆ ಈ ಹವ್ಯಾಸದವರಿಗೆ ರಿವೆಟ್ ಎಣಿಸುವ ಚಟ.

ಸ್ಪಿಟ್‌ಫೈರ್ ಚಿತ್ರಗಳು ಎಲ್ಲರಿಗೂ ಬೇಕು, ಹಾಗಾಗಿ ದುಬಾರಿ. ಬ್ಯಾಟಲ್ ಆಫ್ ಬ್ರಿಟನ್‌ನಲ್ಲಿ ಹೆಚ್ಚು ವಿಮಾನ ಹೊಡೆದದ್ದು ಬ್ರಿಟನ್ನಿನ ಇನ್ನೊಂದು ಫೈಟರ್ ಹರಿಕೇನ್‌ಗಳು. ಆದರೂ ಹರಿಕೇನ್ ಚಿತ್ರಗಳಿಗೆ ಅಷ್ಟು ನೂಕುನುಗ್ಗಲಿಲ್ಲ. ಕಡಿಮೆ ದುಡ್ಡಿಗೆ ಒಳ್ಳೆಯ ಸಹಿ ಬೇಕಾದವರು ಅಲ್ಲೇ ಹುಡುಕಬೇಕು.

ಹಾಳೆಯ ಆರೋಗ್ಯ

ಬಿಸಿಲು ಕಂಡ ಪ್ರಿಂಟ್‌ನಲ್ಲಿ ಹಳದಿ ಮತ್ತು ಕೆಂಪು ಮೊದಲು ಹೋಗುತ್ತವೆ, ನೀಲಿ ಉಳಿಯುತ್ತದೆ. ಸಂಜೆಯ ಕಿತ್ತಳೆ ಮೋಡ ತಣ್ಣನೆಯ ನೀಲಿ ಬೂದಿಗೆ ತಿರುಗಿರುತ್ತದೆ. ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ, ಅದೇ ಮೂಲ ಬಣ್ಣ ಅಂದುಕೊಳ್ಳುತ್ತೇವೆ. ಮೌಂಟ್ ಬೋರ್ಡ್ ಎತ್ತಿ, ಅದರ ಅಡಿಯಲ್ಲಿದ್ದ ಭಾಗದ ಬಣ್ಣವನ್ನು ಹೊರಗಿದ್ದ ಭಾಗದ ಜೊತೆ ಹೋಲಿಸಿದ ಫೋಟೋ ಕಳಿಸಲು ಹೇಳಿ. ಪೆನ್ಸಿಲ್ ಸಹಿ ಬೆಳಕಿಗೆ ಜಗ್ಗುವುದಿಲ್ಲ. ಇಂಕು ಮತ್ತು ಫೆಲ್ಟ್ ಪೆನ್ ಜಗ್ಗುತ್ತವೆ. ಫೆಲ್ಟ್ ಪೆನ್ನಿನ ಸಹಿ ಕಂದು ನೆರಳಾಗಿ ಉಳಿದ ಪ್ರಿಂಟ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಮೂರು ದೋಷ ಕಂಡರೆ ಬಿಟ್ಟುಬಿಡಿ. ಫ್ರೇಮಿಗೆ ಹೊಂದಿಸಲು ಅಂಚು ಕತ್ತರಿಸಿದ್ದು. ಹಾಳೆಯನ್ನು ಬೋರ್ಡಿಗೆ ಪೂರ್ತಿ ಅಂಟಿಸಿದ್ದು. ಹುಳಿ ಅಂಶದ ಅಗ್ಗದ ಮೌಂಟ್‌ನಿಂದ ಚಿತ್ರದ ಸುತ್ತ ಕಂದು ಗೆರೆ ಬಿದ್ದದ್ದು. ಮೂರನೆಯದನ್ನು ಪರಿಣಿತರು ಸ್ವಲ್ಪ ಮಟ್ಟಿಗೆ ಸರಿಮಾಡಬಹುದು, ಮೊದಲೆರಡಕ್ಕೆ ಮದ್ದಿಲ್ಲ.

ಯಾರಿಗೆ ಯಾವುದು

ಚಿತ್ರ ಇಷ್ಟ, ಗೋಡೆಗೆ ಬೇಕು, ಕೋಣೆಗೆ ಬೆಳಕು ಜಾಸ್ತಿ ಬೀಳುತ್ತದೆ ಅನ್ನುವವರಿಗೆ ಕಲಾವಿದರ ಸಹಿ ಮಾತ್ರ ಇರುವ ಜಿಕ್ಲೇ ಸಾಕು. ಒಳ್ಳೆಯ ಪಿಗ್ಮೆಂಟ್ ಇಂಕಿನ ಜಿಕ್ಲೇ ಹಳೆಯ ಆಫ್‌ಸೆಟ್‌ಗಿಂತ ಹೆಚ್ಚು ಕಾಲ ಬಣ್ಣ ಹಿಡಿಯುತ್ತದೆ, ಮಸುಕಾದರೂ ಹೊಟ್ಟೆ ಉರಿಯುವುದಿಲ್ಲ.

ಒಬ್ಬ ಪೈಲಟ್ಟಿನ ಮೇಲೆ ಮನಸ್ಸು ನೆಟ್ಟವರಿಗೆ ಆತ ಹಾರಿಸಿದ ವಿಮಾನದ, ಆತನ ಸ್ಕ್ವಾಡ್ರನ್ನಿನ, ಅಂಚಿನಲ್ಲೇ ಸಹಿ ಇರುವ ಹಳೆಯ ಲಿಥೋ. ಎರಡರಿಂದ ನಾಲ್ಕು ಸಹಿ ಇದ್ದರೆ ಧಾರಾಳವಾಯಿತು. ಇದೇ ನನ್ನ ಮೊದಲ ಆಯ್ಕೆ. ಸಹಿಯೇ ಮುಖ್ಯ, ಚಿತ್ರ ಹೇಗಿದ್ದರೂ ನಡೆಯುತ್ತದೆ ಅನ್ನುವವರು ಪ್ರಿಂಟ್‌ಗಳ ಕಡೆ ಬರಲೇಬೇಡಿ. ಪೈಲಟ್ ಸಹಿ ಮಾಡಿದ ಪುಸ್ತಕ ಕೊಳ್ಳಿ. ಅದು ಮುಚ್ಚಿಯೇ ಇರುವುದರಿಂದ ಬೆಳಕು ತಾಗುವುದಿಲ್ಲ, ಜಾಗವೂ ಬೇಡ, ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಹೂಡಿಕೆ ಅಂತ ಕೊಳ್ಳುವವರಿಗೆ ಹೇಳುವ ಮಾತು ಕಹಿ. ಸ್ವತಃ ಆ ಯುದ್ಧ ಕಂಡವರು, ಅವರ ಕಥೆ ಕೇಳಿ ಬೆಳೆದವರು ಈ ಹವ್ಯಾಸವನ್ನು ಬೆಳೆಸಿದರು. ಅವರ ಸಂಗ್ರಹಗಳು ಈಗ ಮನೆ ಖಾಲಿ ಮಾಡುವಾಗ ಹರಾಜಿಗೆ ಬರುತ್ತಿವೆ. ಕೊಳ್ಳುವವರಿಗೆ ಇದು ಒಳ್ಳೆಯ ಕಾಲ, ಲಾಭಕ್ಕೆ ಮಾರುವವರಿಗೆ ಅಷ್ಟಲ್ಲ.

ಹರಾಜಿನಲ್ಲಿ ಕೊಳ್ಳುವುದಾದರೆ ಫ್ರೇಮ್ ತೆಗೆಸಿ, ಹಾಳೆಯನ್ನು ಮಾತ್ರ ಅಗಲವಾದ ಕೊಳವೆಯಲ್ಲಿ ಸಡಿಲವಾಗಿ ಸುತ್ತಿ ಕಳಿಸಲು ಹೇಳಿ. ಗಾಜು ಒಡೆದು ಅದರ ಚೂರು ಗೀರುವುದು ಚಿತ್ರವನ್ನೇ. ಬಂದ ಮೇಲೆ ಹಾಳೆಯನ್ನು ಕೂಡಲೇ ಎಳೆದು ಬಿಡಿಸಬೇಡಿ. ಒಂದೆರಡು ದಿನ ಸಮತಟ್ಟಾದ ಜಾಗದಲ್ಲಿ, ಮೇಲೆ ಹುಳಿ ಅಂಶವಿಲ್ಲದ ಸ್ವಚ್ಛ ಹಾಳೆ ಹಾಸಿ, ಅದರ ಮೇಲೆ ಹಗುರಾದ ಭಾರ ಇಡಿ. ಹೊಸ ಫ್ರೇಮಿಗೆ ಹುಳಿ ಅಂಶವಿಲ್ಲದ ಮೌಂಟ್, ಯುವಿ ತಡೆಯುವ ಗಾಜು ಹಾಕಿಸಿ. ಕಿಂಡಿಯನ್ನು ಅಂಚಿನ ಸಹಿಗಳೂ ಕಾಣುವಷ್ಟು ದೊಡ್ಡದಾಗಿ ಕೊರೆಯಲು ಫ್ರೇಮ್ ಹಾಕುವವರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಚಿತ್ರ ಮಾತ್ರ ಬಿಟ್ಟು ಸಹಿಗಳನ್ನು ಮುಚ್ಚಿಬಿಡುತ್ತಾರೆ.